ಕಾರಣ ತಿಳಿಸಿ

ಎಲ್ಲ ಊರುಗಳೂ ಒಂದೇ ಸಲ ಕೆಂಪಾದಾಗ ಮೈತ್ರೇಯಿ ತನ್ನ ಕಣ್ಣಿಗೇ ಏನೋ ಆಗಿದೆ ಎಂದುಕೊಂಡಳು. ಕನ್ನಡಕ ತೆಗೆದು, ದುಪಟ್ಟಾದ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಮೇಲುಗಡೆ ಆಳಂದ ಕೆಂಪು, ಅದರ ಕೆಳಗೆ ಅಫಜಲಪುರ ಕೆಂಪು, ಬಲಗಡೆ ಭೀಮೆಯ ನೀಲಿ ಗೆರೆಯ ಆಚೀಚೆ ಜೇವರ್ಗಿಯೂ ಕೆಂಪು. ಒಂದೊಂದು ಚುಕ್ಕಿ ಒಂದೊಂದು ಹಾಲಿನ ಕೇಂದ್ರ. ದಿನದ ವಾಡಿಕೆಯಷ್ಟು ಹಾಲು ಬಂದರೆ ಹಸಿರು, ವಾಡಿಕೆಯ ಅರ್ಧಕ್ಕಿಂತ ಕಡಿಮೆಯಾದರೆ ಕೆಂಪು. ಹಾಗೆ ನಿಯಮ ಬರೆದವಳು ಅವಳೇ. ಬರೆಯುವಾಗ ಒಂದೋ ಎರಡೋ ಊರು ಕೆಂಪಾಗುವುದನ್ನು ಕಲ್ಪಿಸಿಕೊಂಡಿದ್ದಳೇ ಹೊರತು ಹೀಗೆ ಮೂರು ತಾಲ್ಲೂಕುಗಳ ದನ, ಎಮ್ಮೆ, ಹೆಂಗಸರು ಎಲ್ಲ ಮಾತಾಡಿಕೊಂಡವರಂತೆ ಒಂದೇ ಬೆಳಗ್ಗೆ ಕೈ ತೆಗೆದುಬಿಡುವುದನ್ನಲ್ಲ. ಸರ್ವರ್ ಕೆಟ್ಟಿರಬಹುದೆಂದು ನೋಡಿದಳು. ಸರಿಯಾಗಿಯೇ ಇತ್ತು. ನೆಟ್ ಹೋಗಿರಬಹುದೆಂದು ನೋಡಿದಳು. ಅದೂ ಇತ್ತು. ಗಾಬರಿಯ ಅಡಿಯಲ್ಲಿ ಇನ್ನೊಂದು ಭಾವನೆಯೂ ಇದ್ದದ್ದನ್ನು ಗಮನಿಸಿ ಅವಳಿಗೆ ನಾಚಿಕೆಯಾಯಿತು. ಇಷ್ಟು ಕೆಂಪು ಚೆನ್ನಾಗಿ ಕಾಣುತ್ತಿತ್ತು.

ಈ ಪರದೆಯೆದುರು ಅವಳು ಬೆರಗಾಗುವುದು ಹೊಸದಲ್ಲ. ಮೊದಲ ಸಂಜೆಯೂ ಹೀಗೇ ನಿಂತಿದ್ದಳು. ಆಫೀಸಿನವರೆಲ್ಲ ಚಹಾಕ್ಕೆ ಹೋಗಿದ್ದರು. ಹಾಲು ಹಾಕಿಸಿಕೊಳ್ಳುವ ಹೊತ್ತು. ಆಳಂದದ ಆಚೆ ಯಾವುದೋ ಸಣ್ಣ ಊರಿನ ಚುಕ್ಕಿ ಮೊದಲು ಹೊತ್ತಿಕೊಂಡಿತು, ಆಮೇಲೆ ಅದರ ಪಕ್ಕದ್ದು, ಆಮೇಲೆ ದೂರದ ಜೇವರ್ಗಿಯ ಕಡೆ ಒಂದು, ಕರಜಗಿ, ಘತ್ತರಗಿ, ಅತನೂರ. ನೋಡನೋಡುತ್ತಿದ್ದಂತೆ ಗೋಡೆ ತುಂಬ ಹಸಿರು. ಪ್ರತಿ ಚುಕ್ಕಿಯ ಹಿಂದೆ ಒಬ್ಬಾಕೆ ಕುಕ್ಕರುಗಾಲಲ್ಲಿ ಕೂತು ಎಮ್ಮೆಯ ಕೆಚ್ಚಲಿಗೆ ನೀರು ಚಿಮುಕಿಸುತ್ತಿದ್ದಾಳೆ, ಆಕೆಗೆ ಪಕ್ಕದೂರಿನಾಕೆ ಗೊತ್ತಿಲ್ಲ, ತಾನು ಮಾತ್ರ ಎಲ್ಲರನ್ನೂ ಒಟ್ಟಿಗೆ ನೋಡುತ್ತಿದ್ದೇನೆ ಎನ್ನಿಸಿ ಮೈ ಜುಮ್ಮೆಂದಿತ್ತು. ಮನೆಗೆ ಹೋಗಿ ತಾಯಿ ವತ್ಸಲಾಬಾಯಿಗೆ ಹೇಳಲು ನೋಡಿದರೆ ಆಕೆ, “ಅಷ್ಟ್ ಹಾಲು ನೋಡ್ಕೋತ ಕೂಡ್ತಿ, ನಾಳಿಗೆ ಹೆಪ್ಪಿಗೆ ಮನ್ಯಾಗ ಹಾಲಿಲ್ಲ, ತರಲಿಕ್ಕೆ ಮರತಿ ನೋಡು” ಎಂದಿದ್ದಳು.

ಈ ಡ್ಯಾಶ್‌ಬೋರ್ಡ್ ಬರುವ ಮುಂಚೆ ಡೇರಿ ಕಂಪನಿಯ ಅಫಜಲಪುರದ ಈ ಆಫೀಸಿನಲ್ಲಿ ಪ್ರತಿ ಬೆಳಗ್ಗೆ ಒಂದು ದಪ್ಪ ವರದಿ ಅಚ್ಚಾಗುತ್ತಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ, ಆದರೆ ಒಂದು ದಿನ ತಡವಾದರೆ ಎಲ್ಲರೂ ಬೈಯುತ್ತಿದ್ದರು. ಬೋರ್ಡ್ ಮಾಡುತ್ತೇನೆಂದು ಮೈತ್ರೇಯಿ ಎದ್ದು ನಿಂತ ದಿನದಿಂದ ಅವಳ ಮೇಜಿನ ಮುಂದೆ ಸಾಲು. ಲೆಕ್ಕದ ವಿಭಾಗದವರಿಗೆ ಫ್ಯಾಟಿನ ಏರಿಳಿತ ಬೇಕು. ಇನ್ನೊಬ್ಬರಿಗೆ ಹೋಳಿಗೆ ಕೊಯ್ದ ಹಾಗೆ ಬಣ್ಣಬಣ್ಣದ ತುಂಡುಗಳ ಚಿತ್ರ ಬೇಕು. ದೊಡ್ಡ ಸಾಹೇಬ ನಂದಕಿಶೋರ ಅವರಿಗೆ ಕಾರಿನಲ್ಲಿರುವಂಥ ಮುಳ್ಳು ಬೇಕು, ಅದು ಅಲುಗಾಡಬೇಕು. ಮತ್ತೊಬ್ಬರು ಮೂಲೆಯಲ್ಲಿ ಘತ್ತರಗಿಯ ಭಾಗ್ಯವಂತಿ ತಾಯಿಯ ಫೋಟೋ ಇರಲಿ ಎಂದರು. ಎಲ್ಲವನ್ನೂ ಹಾಕಿದರೆ ಅದು ಬೋರ್ಡ್ ಆಗುವುದಿಲ್ಲ, ಸಂತೆಯಾಗುತ್ತದೆ. ಅವಳು ಒಬ್ಬೊಬ್ಬರ ಬಳಿಗೂ ಹೋಗಿ ಒಂದೇ ಪ್ರಶ್ನೆ ಕೇಳಿದಳು: ಇದನ್ನ ನೋಡಿದ ಮ್ಯಾಲೆ ನೀವು ಏನು ಮಾಡ್ತೀರಿ? ಉತ್ತರ ಇಲ್ಲದವರ ಚಿತ್ರ ಬೋರ್ಡಿಗೆ ಬರಲಿಲ್ಲ. ತಾಯಿಯ ಫೋಟೋ ಮಾತ್ರ ಬಂತು, ಅದಕ್ಕೆ ಇಲ್ಲ ಎನ್ನುವ ಧೈರ್ಯ ಯಾರಿಗಿದೆ. ಆಳಂದದವರು ದಿನ ಎಂದರೆ ಸಂಜೆಯಿಂದ ಬೆಳಗಿನವರೆಗೆ ಎನ್ನುತ್ತಿದ್ದರು, ಜೇವರ್ಗಿಯವರು ಬೆಳಗಿನಿಂದ ಸಂಜೆಯವರೆಗೆ ಎನ್ನುತ್ತಿದ್ದರು, ಎರಡನ್ನೂ ಕೂಡಿಸಿ ಇಷ್ಟು ವರ್ಷ ಕಂಪನಿ ನಡೆದಿತ್ತು. ದಿನ ಎಂದರೇನು ಎಂದು ಋಷಿಮುನಿಗಳ ಹಾಗೆ ಕೂತು ಚರ್ಚೆ ಮಾಡಿ, ಒಬ್ಬರನ್ನೊಬ್ಬರು ಬೈದು, ಕೊನೆಗೆ ಎಲ್ಲರ ದಿನವನ್ನೂ ಒಂದೇ ಮಾಡಿದ್ದಳು. ಈ ಹೆಮ್ಮೆ ಅವಳಿಗೆ ಇತ್ತು. ಇರಬಾರದೇಕೆ?

ನಂದಕಿಶೋರ ಅವರಿಗೂ ಅದೇ ಪ್ರಶ್ನೆ ಕೇಳಿದ್ದಳು. ಅವರು ಮುಳ್ಳಿನ ಆಸೆ ಬಿಟ್ಟು ಸ್ವಲ್ಪ ಯೋಚಿಸಿ, “ಕೆಂಪಿದ್ದದ್ದು ಮುಚ್ಚತೇನಿ” ಎಂದಿದ್ದರು. ಆಗ ಅವಳಿಗೆ ಎಂಥ ಖುಷಿಯಾಗಿತ್ತು! ಇಡೀ ಆಫೀಸಿನಲ್ಲಿ ಅಷ್ಟು ಸ್ಪಷ್ಟ ಉತ್ತರ ಕೊಟ್ಟವರು ಅವರೊಬ್ಬರೇ. ಮುಚ್ಚುವುದು ಎಂದರೆ ಏನನ್ನು, ಯಾರ ಮನೆಯ ಮುಂದಿನದನ್ನು ಎಂದು ಅವಳು ಕೇಳಲಿಲ್ಲ. ಇವತ್ತು ಮಧ್ಯಾಹ್ನದೊಳಗೆ ಸಾಹೇಬರು ಬಂದು ಅತನೂರಿನ ಅಗಸಿ ಕೇಂದ್ರವನ್ನು ಮುಚ್ಚುವವರಿದ್ದರು. ಊರ ಬಾಗಿಲಾದ ಅಗಸಿಯ ಬಳಿ, ಅದರ ಕಟ್ಟೆಗೆ ಹೊಂದಿ ಇರುವ ಆ ಕೇಂದ್ರ ಹದಿನೈದು ದಿನದಿಂದ ಒಂದೇ ಸಮ ಕೆಂಪು. ಅಲ್ಲಿಗೆ ಹೋಗುವ ಟ್ಯಾಂಕರನ್ನು ಆಳಂದದ ಕಡೆಗೆ ತಿರುಗಿಸುವುದೆಂದು ಹೆಚ್ಚುಕಡಿಮೆ ತೀರ್ಮಾನವಾಗಿತ್ತು. “ನಾ ಏನೂ ಹೇಳೂದಿಲ್ಲ, ಬೋರ್ಡೇ ಹೇಳ್ತದ” ಎಂದು ಸಾಹೇಬರು ಹಿಂದಿನ ದಿನ ಫೋನಿನಲ್ಲಿ ಅಂದಾಗ ಅವಳು ಹೌದ್ರಿ ಸರ್ ಎಂದಿದ್ದಳು. ಕೇಂದ್ರ ನಡೆಸುವಾಕೆಯ ಹೆಸರು ಸಾಬಮ್ಮ ಎಂದು ಪರದೆಯ ಮೇಲೆ ಬೆರಳಿಟ್ಟರೆ ಬರುತ್ತಿತ್ತು. ಅಷ್ಟೇ ಅವಳಿಗೆ ಗೊತ್ತಿದ್ದದ್ದು.

ಆಗ ನೆನಪಾಯಿತು. ಚುಕ್ಕಿ ಕೆಂಪಾದರೆ ಅದು ಕೆಂಪಾಗಿ ಸುಮ್ಮನಿರುವುದಿಲ್ಲ. ಆ ಕೇಂದ್ರದವರಿಗೆ ತಾನಾಗಿಯೇ ಫೋನ್ ಹೋಗುತ್ತದೆ. ಫೋನಿನಲ್ಲಿ ಮಾತಾಡುವುದು ಮೈತ್ರೇಯಿಯ ದನಿ. ಬಾಗಿಲು ಹಾಕಿಕೊಂಡು, ಪುಸ್ತಕದ ಕನ್ನಡದಲ್ಲಿ, ಸಾಧ್ಯವಾದಷ್ಟು ಗಂಭೀರವಾಗಿ ಅವಳೇ ಹೇಳಿ ತುಂಬಿಸಿದ್ದು: ‘ನಮಸ್ಕಾರ. ನಿಮ್ಮ ಕೇಂದ್ರದ ಹಾಲು ಕಡಿಮೆಯಾಗಿದೆ. ದಯವಿಟ್ಟು ಕಾರಣ ತಿಳಿಸಿ.’ ಆಮೇಲೆ ಒಂದು ಪೀಂ ಶಬ್ದ. ಶಬ್ದದ ನಂತರ ಅವರು ಹೇಳಿದ್ದು ರೆಕಾರ್ಡ್ ಆಗುತ್ತದೆ. ಕಾರಣ ಹೇಳದೆ ಇಟ್ಟುಬಿಟ್ಟವರಿಗೆ ಮಧ್ಯಾಹ್ನ ಇನ್ನೊಮ್ಮೆ ಫೋನು. ಇದನ್ನು ಪರೀಕ್ಷಿಸಲು ಅವಳು ತನ್ನ ನಂಬರನ್ನೇ ಒಂದು ಕೇಂದ್ರವೆಂದು ಸೇರಿಸಿ, ಅದಕ್ಕೆ ‘ಪರೀಕ್ಷೆ’ ಎಂದು ಹೆಸರಿಟ್ಟು, ಆಮೇಲೆ ತೆಗೆಯಲು ಮರೆತಿದ್ದಳು. ಆ ಕೇಂದ್ರಕ್ಕೆ ಹಾಲು ಎಲ್ಲಿಂದ ಬರಬೇಕು? ದಿನವೂ ಅವಳ ದನಿ ಅವಳಿಗೇ ಫೋನ್ ಮಾಡುತ್ತಿತ್ತು, ಅವಳು ದಿನವೂ ಕತ್ತರಿಸುತ್ತಿದ್ದಳು. ಈಗ, ಈ ಕ್ಷಣದಲ್ಲಿ, ಮೂರು ತಾಲ್ಲೂಕಿನ ಅಷ್ಟೂ ಕೇಂದ್ರಗಳಲ್ಲಿ ಅವಳು ಒಟ್ಟಿಗೆ ಮಾತಾಡುತ್ತಿದ್ದಳು. ಎಷ್ಟೋ ಕಿವಿಗಳಲ್ಲಿ ಏಕಕಾಲಕ್ಕೆ ತಾನಿದ್ದೇನೆ ಎಂಬ ಯೋಚನೆಗೆ ಅವಳು ಗೋಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಎದುರಿನ ಮೇಜಿನ ಮೇಲೆ ಅವಳ ಮೊಬೈಲೂ ಗುರುಗುಟ್ಟಿತು. ಪರೀಕ್ಷೆ. ಕತ್ತರಿಸಿದಳು.

ಟ್ಯಾಂಕರುಗಳ ಉಸ್ತುವಾರಿಯ ಸಲಾವುದ್ದೀನ ಒಳಗೆ ಬಂದವರು ಗೋಡೆಯನ್ನು ನೋಡಿ ಬಾಗಿಲಲ್ಲೇ ನಿಂತರು. ಆಮೇಲೆ ಅವರಿಗೆ ನಗು ತಡೆಯಲಿಲ್ಲ.

“ಮೇಡಂ, ಈ ಟೀವಿಗೆ ಯಾರೂ ಹೇಳಿಲ್ಲೇನ್ರಿ, ಇವತ್ತ ಎಳ್ಳಮಾಸಿ ಅಂತ?”

ಎಳ್ಳಮಾಸಿ. ಎಳ್ಳು ಅಮಾವಾಸ್ಯೆ. ಅವಳಿಗೆ ಗೊತ್ತಿಲ್ಲದ ಮಾತೇ? ಬೆಳಗ್ಗೆ ತಾನೇ ವತ್ಸಲಾಬಾಯಿ, “ಊರಿಗೆ ಊರೇ ಹೊಲಕ್ಕ ಹೊಂಟದ, ನಿಂದೊಂದು ಏನ್ ಆಫೀಸವಾ” ಎಂದು ಬೈದು ಡಬ್ಬಿಗೆ ಸಜ್ಜೆ ಕಡುಬು ಹಾಕಿಕೊಟ್ಟಿದ್ದಳು. ದಾರಿಯಲ್ಲಿ ಟ್ರಾಕ್ಟರ್ ತುಂಬ ಹೊಸ ಸೀರೆಗಳು, ಬುಟ್ಟಿಗಳು, ಅಂಬಲಿಯ ಕೊಡಗಳು ಹೋಗುತ್ತಿದ್ದುದನ್ನು ನೋಡಿ, ಸ್ಕೂಟಿ ಪಕ್ಕಕ್ಕೆ ತೆಗೆದುಕೊಂಡು ಹಾದಿ ಬಿಟ್ಟುಕೊಟ್ಟಿದ್ದಳು. ಈ ದಿನ ಇಲ್ಲಿ ಯಾರೂ ಹಾಲು ಮಾರುವುದಿಲ್ಲ. ಮನೆಯ ಹಾಲು ಮನೆಗೆ, ಹೊಲದ ತಾಯಿಗೆ, ಹೊಲಕ್ಕೆ ಬಂದವರಿಗೆ. ಬುದ್ಧಿ ಬಂದಾಗಿನಿಂದ ಗೊತ್ತು. ಗೊತ್ತಿದ್ದದ್ದು ತಲೆಯ ಒಂದು ಕೋಣೆಯಲ್ಲಿ, ಬೋರ್ಡ್ ಇನ್ನೊಂದು ಕೋಣೆಯಲ್ಲಿ, ನಡುವೆ ಬಾಗಿಲಿಟ್ಟಿರಲಿಲ್ಲ. ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಂಥದ್ದು ಯಂತ್ರ. ಹಾಲಿಲ್ಲ ಎಂದಿತು, ಕೆಂಪಾಯಿತು, ಫೋನು ಮಾಡಿತು.

“ನೀವು ಮೊದಲೇ ಯಾಕ ಹೇಳಲಿಲ್ರಿ ಸಲಾವುದ್ದೀನ ಅವ್ರೇ?”

“ಅಲ್ರಿ, ಎಲ್ಲಾರಿಗೂ ಗೊತ್ತಿದ್ದದ್ದು ಏನಂತ ಹೇಳೂದ್ರಿ? ಹೊತ್ತ ಹುಟ್ಯದ ಅಂತ ಯಾರರ ಬಂದು ಹೇಳ್ತಾರೇನು? ನಾ ಅಂತೂ ಡ್ರೈವರ್‌ಗೋಳಿಗೆ ನಿನ್ನಿನೇ ಛುಟ್ಟಿ ಕೊಟ್ಟೇನಿ. ನನಗೂ ದಾವತ್ ಅದ, ಅತನೂರಾಗ.”

ಅವಳ ಕಂಪ್ಯೂಟರಿನಲ್ಲಿ ಉತ್ತರಗಳು ಬಂದು ಬೀಳತೊಡಗಿದ್ದವು. ಇಷ್ಟು ದಿನದ ಉತ್ತರಗಳೂ ಅಲ್ಲೇ ಒಂದರ ಕೆಳಗೊಂದು ಇದ್ದವು. ಯಾವುದನ್ನೂ ಯಾರೂ ತೆರೆದಿರಲಿಲ್ಲ. ಕಾರಣ ಕೇಳುವ ಕೆಲಸವನ್ನು ಯಂತ್ರಕ್ಕೆ ಕೊಟ್ಟಿದ್ದಳು, ಕೇಳಿಸಿಕೊಳ್ಳುವ ಕೆಲಸವನ್ನು ಯಾರಿಗೂ ಕೊಟ್ಟಿರಲಿಲ್ಲ. ಬೈಗುಳವೇ ಇರುತ್ತದೆ ಎಂದು ಹೆದರುತ್ತ ಈ ಬೆಳಗಿನ ಮೊದಲನೆಯದನ್ನು ಒತ್ತಿದಳು. ಗಾಳಿಯ ಸದ್ದು. ದೂರದಲ್ಲಿ ಯಾರೋ ಕೂಗುತ್ತಿದ್ದಾರೆ, ಎತ್ತಿನ ಕೊರಳಗೆಜ್ಜೆ. ಜೇವರ್ಗಿ ಕಡೆಯ ಗಂಡಸಿನ ದನಿ, ಫೋನಿನಿಂದ ಬಹಳ ದೂರ ನಿಂತು ಕಿರುಚುವ ಹಾಗೆ: “ಬಾಯಾರ! ಇವತ್ತ ಹಾಲ ಮಾರಂಗಿಲ್ರೀ! ಚರಗ ಚೆಲ್ಲಾಕ ಹೊಲಕ್ಕ ಬಂದೀವಿ. ನೀವೂ ಬರ್ರಿ ಉಣ್ಣಾಕ!” ಎರಡನೆಯದು ಘತ್ತರಗಿಯ ಗಂಗುಬಾಯಿ: “ಅಮಾಸಿ ಅದರೀ ಯವ್ವಾ. ತಾಯಿ ಗುಡಿಗೆ ಬಂದ ಮಂದಿಗಿ ಚಾಕ್ಕೇ ಹಾಲ ಸಾಲವಲ್ದು. ಸಿಟ್ಟಾಗಬ್ಯಾಡ್ರಿ. ನೀವೂ ದರ್ಶನಕ್ಕ ಬರ್ರಿ, ನಮ್ಮನ್ಯಾಗ ಊಟ.” ಕರಜಗಿಯಿಂದ ಬಂದದ್ದರಲ್ಲಿ ಮಾತೇ ಇರಲಿಲ್ಲ, ಯಾರೋ ಬಾಯಿ ತುಂಬ ತುತ್ತು ಇಟ್ಟುಕೊಂಡೇ ಫೋನು ಎತ್ತಿದ್ದರು, ಅಗಿಯುವ ಸದ್ದು, ಹಿಂದೆ ಹೆಂಗಸರ ನಗು, “ಯಾರದಲೇ ಅದು?” “ಡೇರಿ ಬಾಯಿ.” “ಕರೀಲೇ ಆಕಿನ್ನೂ.” ಆಳಂದದ ಒಬ್ಬ ಮುದುಕ ಕಾರಣದ ಬದಲು ಆಶೀರ್ವಾದ ಮಾಡಿದ. ಮತ್ತೊಬ್ಬರು ಅವರ ಹೊಲಕ್ಕೆ ಬರುವ ದಾರಿಯನ್ನು ಬೇವಿನ ಮರ, ಬಾವಿ, ಎಡಗಡೆಯ ಬದು ಎಂದು ಪೂರ್ತಿ ಹೇಳಿದರು.

ಒಂದಾದ ಮೇಲೊಂದು ಒತ್ತುತ್ತಲೇ ಹೋದಳು. ಒಂದೊಂದು ಕೆಂಪು ಚುಕ್ಕಿಯನ್ನು ಮುಟ್ಟಿದರೆ ಅದರೊಳಗಿಂದ ಬಯಲಿನ ಗಾಳಿ ಬೀಸುತ್ತಿತ್ತು. ಬಾರವ್ವ, ಬರ್ರಿ, ಬಾ ತಂಗಿ, ಬಂದು ಉಂಡು ಹೋಗು. ಹುಟ್ಟಿದಂದಿನಿಂದ ಇದೇ ತಾಲ್ಲೂಕಿನಲ್ಲಿ ಇದ್ದರೂ ಇಷ್ಟು ಜನ ಹೀಗೆ ಒಟ್ಟಿಗೆ ಅವಳನ್ನು ಎಂದೂ ಕರೆದಿರಲಿಲ್ಲ. ಕರೆದದ್ದು ಅವಳನ್ನಲ್ಲ, ಫೋನಿನಲ್ಲಿ ಗದರಿಸಿದ ದನಿಯನ್ನು. ಗದರಿಸಿದ್ದಕ್ಕೆ ಊಟಕ್ಕೆ ಕರೆಯುವ ಈ ಜನ ಎಂಥವರು! ಗೋಡೆಯ ಮೇಲೆ ಹಸಿರಿದ್ದಾಗ ಹಾಲು ಕಾಣುತ್ತಿತ್ತು. ಹಾಲು ನಿಂತ ದಿನ ಮನುಷ್ಯರು ಕಾಣಿಸತೊಡಗಿದ್ದರು.

ಆಮೇಲೆ ಅತನೂರ ಅಗಸಿಯ ಚುಕ್ಕಿ ಹುಡುಕಿ ಒತ್ತಿದಳು. ಈವತ್ತಿನದನ್ನಲ್ಲ, ಹಳೆಯದನ್ನು. ಹೆಂಗಸಿನ ದನಿ, ಮೆಲ್ಲಗೆ, ಅಂಜಿಕೊಂಡು: “ಬಾಯಾರ, ನಾ ಸಾಬಮ್ಮ. ಅಗಸಿ ಮುಂದ ಹಾದಿ ಅಗದಾರ್ರಿ. ಗಾಡಿ ಒಳಗ ಬರವಲ್ದು.” ಮರುದಿನ: “ನಾ ಸಾಬಮ್ಮರೀ. ನಿನ್ನಿ ಹೇಳಿನಲ್ರಿ, ಅದೇ ಕಾರಣ.” ಅದರ ಮರುದಿನ: “ಬಾಯಾರ, ಮತ್ತ ಮತ್ತ ಯಾಕ ಕೇಳ್ತೀರಿ? ನಾ ಸುಳ್ಳ ಹೇಳಾಕತ್ತಿಲ್ರಿ.” ಮೈತ್ರೇಯಿ ಕುರ್ಚಿ ತಿರುಗಿಸಿದಳು.

“ಸಲಾವುದ್ದೀನ ಅವ್ರೇ, ಅತನೂರಾಗ ಹಾದಿ ಅಗದಾರೇನ್ರಿ?”

“ಪೈಪ್‌ಲೈನ್ ಹಾಕಾಕ ಅಗದು ಹಂಗೇ ಬಿಟ್ಟಾರ್ರಿ. ಟ್ಯಾಂಕರ್ ರೋಡಿಗೇ ನಿಂದರ್ತದ. ಅಗಸಿ ಹೆಂಗಸೂರೆಲ್ಲ ಹಾಲು ಹೊತ್ಕೊಂಡು ರೋಡಿನ ಕೇಂದ್ರಕ್ಕೇ ಹೋಗಿ ಹಾಕಾಕತ್ತಾರ. ಸಾಬಮ್ಮನೇ ಮುಂದ ನಿಂತು ಕರ್ಕೊಂಡು ಹೋಗ್ತಾಳ.”

ಅತನೂರಿಗೆ ಎರಡು ಕೇಂದ್ರ. ಒಂದು ಅಗಸಿಯದು, ಇನ್ನೊಂದು ಡಾಂಬರು ರಸ್ತೆಯದು. ಹದಿನೈದು ದಿನದಿಂದ ಅಗಸಿ ಕೆಂಪು, ರೋಡಿನದು ಹಿಂದೆಂದೂ ಇಲ್ಲದಷ್ಟು ಕಡು ಹಸಿರು. ರೋಡಿನ ಕೇಂದ್ರದವನಿಗೆ ನಂದಕಿಶೋರ ಸಾಹೇಬರು ತಾವೇ ಫೋನ್ ಮಾಡಿ ಶಾಬಾಸ್ ಹೇಳಿದ್ದರು, ಅವನ ಫೋಟೋ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿಸಿದ್ದರು. ಎರಡು ಚುಕ್ಕಿಗಳೂ ಪರದೆಯಲ್ಲಿ ಒಂದಕ್ಕೊಂದು ತಾಗಿಕೊಂಡೇ ಇದ್ದವು. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಹಾಲು ಹೊತ್ತು ನಡೆಯುತ್ತಿದ್ದ ಹೆಂಗಸರು ಮಾತ್ರ ಎಲ್ಲೂ ಇರಲಿಲ್ಲ. ಅವರಿಗೆ ಅವಳು ಜಾಗವನ್ನೇ ಮಾಡಿರಲಿಲ್ಲ. “ಇದೂ ಎಲ್ಲಾರಿಗೂ ಗೊತ್ತಿತ್ತೇನ್ರಿ?” ಎಂದು ಕೇಳಿದಳು. ಸಲಾವುದ್ದೀನ ಈ ಸಲ ನಗಲಿಲ್ಲ. “ಗೊತ್ತಿತ್ರಿ. ಟೀವಿಗೂ ಗೊತ್ತಿರಬೇಕು ಅನ್ಕೊಂಡಿದ್ವಿ. ಅದಕ್ಕ ಎಲ್ಲಾ ಕಾಣಸ್ತದ ಅಂತ ನೀವೇ ಹೇಳಿದ್ರಲ್ಲ” ಎಂದರು.

ಹೇಳಿದ್ದಳು. ಉದ್ಘಾಟನೆಯ ದಿನ, ರೇಷ್ಮೆ ಸೀರೆ ಉಟ್ಟುಕೊಂಡು, ಕೈಯಲ್ಲಿ ಮೈಕು ಹಿಡಿದು. ಇನ್ಮೇಲೆ ನಮ್ಮ ಕಣ್ಣಿಗೆ ಕಾಣಿಸದ್ದು ಏನೂ ಇಲ್ಲ ಎಂದಿದ್ದಳು, ಚಪ್ಪಾಳೆ ಬಿದ್ದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಗೋಡೆಯಷ್ಟು ದೊಡ್ಡ ಕನ್ನಡಿ ಇಟ್ಟುಕೊಂಡ ಮೇಲೆ ಎಲ್ಲರೂ ಅಂಗೈ ನೋಡುವುದನ್ನೇ ಬಿಟ್ಟಿದ್ದರು.

ಹೊರಗೆ ಕಾರು ನಿಂತ ಸದ್ದು. ನಂದಕಿಶೋರ ಒಳಗೆ ಬಂದಾಗ ಅವರೊಟ್ಟಿಗೆ ಭಜ್ಜಿ ಪಲ್ಯದ ವಾಸನೆಯೂ ಬಂತು. ಆಳಂದದ ತಮ್ಮ ಹೊಲಕ್ಕೆ ಹೋಗುವ ದಾರಿಯಲ್ಲೇ ಅವರು ಇಲ್ಲಿ ಇಳಿದದ್ದು, ಬುತ್ತಿಯ ಬುಟ್ಟಿಗಳು ಹಿಂದಿನ ಸೀಟಿನಲ್ಲಿದ್ದವು. ಪುಣೆಯಲ್ಲಿ ಓದಿ ಬಂದ, ನಿಧಾನವಾಗಿ ಮಾತಾಡುವ, ಕೆಟ್ಟವರಲ್ಲದ ಮನುಷ್ಯ. ಗೋಡೆ ನೋಡಿ ಒಂದು ಕ್ಷಣ ಅವರ ಮುಖವೂ ಕೆಂಪಾಯಿತು, ಮರುಕ್ಷಣ ತಿಳಿದು ಹಣೆ ಉಜ್ಜಿಕೊಂಡರು.

“ಓ, ಎಳ್ಳಮಾಸಿ. ಇದು ಬಿಡ್ರಿ ಮೈತ್ರೇಯಿ, ಇವತ್ತಿಂದು ತಗದುಬಿಡ್ರಿ. ಯಾಕ ಕೆಂಪು ಅಂತ ಎಲ್ಲಾರಿಗೂ ಗೊತ್ತದ. ನಿನ್ನಿ ತನಕದ್ದು ಹಾಕ್ರಿ. ಅತನೂರ ಅಗಸಿದು ನೋಡಿ ಮುಗಸೋಣು, ಹೊಲದಾಗ ಕಾಯಾಕತ್ತಾರ.”

ನಿನ್ನೆಯದು ಹಾಕುವುದು ಒಂದು ಬೆರಳಿನ ಕೆಲಸ. ಹಾಕಿದರೆ ಗೋಡೆಯೆಲ್ಲ ಹಸಿರಾಗಿ, ನಡುವೆ ಅತನೂರ ಅಗಸಿಯೊಂದೇ ಕೆಂಪಗೆ ಉಳಿಯುತ್ತದೆ. ಎಷ್ಟು ಅಚ್ಚುಕಟ್ಟು. ನೋಡಿದವರಿಗೆ ಒಂದೇ ನೋಟಕ್ಕೆ ತಿಳಿಯಬೇಕು, ಕಣ್ಣು ಅಲೆಯಬಾರದು ಎಂದು ಅವಳೇ ಎಲ್ಲರಿಗೂ ಪಾಠ ಮಾಡಿದ್ದಳು. ಬೆರಳು ಮೌಸಿನ ಮೇಲೆ ಇತ್ತು. ಕೆಲಸದಲ್ಲಿ ಅವಳು ಸಾಹೇಬರಿಗೆ ಇಲ್ಲ ಎಂದವಳಲ್ಲ.

“ಸರ್, ಅಗಸಿದು ಯಾಕ ಕೆಂಪು ಅಂತನೂ ಎಲ್ಲಾರಿಗೂ ಗೊತ್ತಿತ್ತಂತ್ರಿ” ಎಂದಳು. “ನಮ್ಮಿಬ್ಬರಿಗೆ ಬಿಟ್ಟು.”

ಅವರು ಏನೋ ಹೇಳಲು ಹೊರಟರು. ಅವಳು ಅಷ್ಟರಲ್ಲಿ ಗೋಡೆಯ ಸ್ಪೀಕರಿಗೆ ತಂತಿ ಚುಚ್ಚಿ ಸಾಬಮ್ಮನ ದನಿಯನ್ನು ಬಿಟ್ಟಾಗಿತ್ತು. ಹಾದಿ ಅಗದಾರ್ರಿ. ಅದೇ ಕಾರಣ. ನಾ ಸುಳ್ಳ ಹೇಳಾಕತ್ತಿಲ್ರಿ. ಖಾಲಿ ಕೋಣೆಯಲ್ಲಿ ಆ ಅಂಜಿದ ದನಿ ದೊಡ್ಡದಾಗಿ ಸುತ್ತಿತು. ಅದು ಮುಗಿದ ಮೇಲೆ ಅವಳಿಗೆ ನಿಲ್ಲಿಸಲು ಮನಸ್ಸಾಗಲಿಲ್ಲ. ಈ ಬೆಳಗಿನವನ್ನೂ ಒಂದೊಂದಾಗಿ ಬಿಟ್ಟಳು. ಗಾಳಿ, ಗೆಜ್ಜೆ, ತುತ್ತು ಅಗಿಯುವ ಸದ್ದು, ಬರ್ರಿ, ಬರ್ರಿ, ಬರ್ರಿ. ನಂದಕಿಶೋರ ಕುರ್ಚಿ ಎಳೆದುಕೊಂಡು ಕೂತರು. ಆಳಂದದ ಮುದುಕನ ಆಶೀರ್ವಾದ ಬಂದಾಗ ಅವರಿಗೇ ತಿಳಿಯದೆ ಅವರ ಕೈ ಎದೆಯ ಬಳಿ ಹೋಗಿ ಜೋಡಿಸಿಕೊಂಡಿತು. ಮೂವರೂ ಗುಡಿಯಲ್ಲಿ ನಿಂತವರ ಹಾಗೆ ಗೋಡೆ ನೋಡುತ್ತಿದ್ದರು, ಗೋಡೆಯ ಮೂಲೆಯಿಂದ ಭಾಗ್ಯವಂತಿ ತಾಯಿ ಅವರನ್ನು ನೋಡುತ್ತಿದ್ದಳು.

“ಇಷ್ಟೂ ಮಂದಿ ದಿನಾ ಮಾತಾಡಾಕತ್ತಿದ್ರೇನ್ರಿ?” ಎಂದು ಕೇಳಿದರು ಕೊನೆಗೆ.

“ಹೌದ್ರಿ ಸರ್.”

“ಯಾರೂ ಕೇಳಿಲ್ಲ.”

“ಇಲ್ರಿ.”

ಅವರು ಎದ್ದರು. “ಅಗಸಿ ಕೇಂದ್ರ ಇರ್ಲಿ. ಟ್ಯಾಂಕರ್ ವಿಚಾರ ಆಮ್ಯಾಲೆ ನೋಡೋಣು” ಎಂದರು. ಬಾಗಿಲ ತನಕ ಹೋಗಿ ತಿರುಗಿ, ಸ್ವಲ್ಪ ಸಿಟ್ಟಿನಿಂದಲೇ, ಯಾರ ಮೇಲಿನ ಸಿಟ್ಟೋ ಗೊತ್ತಾಗದ ಹಾಗೆ, “ನೀವು ಒಮ್ಮಿಯರ ಅತನೂರಿಗೆ ಹೋಗೀರೇನು?” ಎಂದರು. ಅವಳು ತಲೆ ತಗ್ಗಿಸಿದಳು. “ನಾನೂ ಹೋಗಿಲ್ಲ” ಎಂದು ಹೇಳಿ ಅವರು ಕಾರು ಹತ್ತಿದರು.

ಸಲಾವುದ್ದೀನರ ಜೀಪಿನಲ್ಲಿ ಅತನೂರಿಗೆ ಹೋಗುವಾಗ ಅವಳು ಕಿಟಕಿಯಿಂದ ಮುಖ ಒಳಗೆ ತೆಗೆಯಲಿಲ್ಲ. ಇಷ್ಟು ಆಕಾಶ ಇಲ್ಲಿ ಯಾವಾಗಲೂ ಇತ್ತೇ? ತೆನೆ ಹಿಡಿದ ಬಿಳಿಜೋಳ ರಸ್ತೆಯ ಎರಡೂ ಕಡೆ ಎದೆಯೆತ್ತರ ನಿಂತಿತ್ತು, ನಡುವೆ ನಡುವೆ ಕಡಲೆಯ ಮಡಿಗಳು, ಕರಿ ಮಣ್ಣು. ಪ್ರತಿ ಹೊಲದ ನಡುವೆಯೂ ಒಂದು ಗುಂಪು. ಐದು ಕಲ್ಲಿಗೆ ಸುಣ್ಣ ಬಳಿದು, ಮೇಲೆ ಜೋಳದ ದಂಟಿನ ಚಪ್ಪರ ಕಟ್ಟಿ, ಮುಂದೆ ಎಡೆ. ಯಾರೋ ಒಬ್ಬ ಬುಟ್ಟಿ ಹಿಡಿದು ಬೆಳೆಯೊಳಗೆ ಎಡೆಯ ಅಡುಗೆಯನ್ನು ಚರಗವೆಂದು ಚೆಲ್ಲುತ್ತ ಓಡುತ್ತಿದ್ದಾನೆ, ಕೂಗುತ್ತಿದ್ದಾನೆ, ಆ ಕೂಗಿಗೆ ಆಚೆಯ ಹೊಲದಿಂದ ಇನ್ನೊಂದು ಕೂಗು. ಕಣ್ಣು ಹರಿಯುವಷ್ಟು ದೂರ ಹೊಲ, ಹೊಲದೊಳಗೆ ಗುಂಪು, ಗುಂಪಿನಾಚೆ ಗುಂಪು, ಆಮೇಲೆ ಬರೀ ಸೀರೆಯ ಬಣ್ಣ, ಆಮೇಲೆ ಚುಕ್ಕಿ. ಅವಳಿಗೆ ಬೋರ್ಡಿನ ಒಳಗೇ ಇಳಿದು ಹೋಗುತ್ತಿದ್ದೇನೆ ಅನ್ನಿಸಿತು. ಇಲ್ಲ, ಇದು ದೊಡ್ಡದು. ಬೋರ್ಡ್ ಇದರ ಗುಲಗಂಜಿಯಷ್ಟೂ ಅಲ್ಲ. ನಾಡೆಂಬ ನಾಡೇ ಅಡುಗೆ ಹೊತ್ತುಕೊಂಡು ಬಂದು ನೆಲಕ್ಕೆ ಊಟ ಬಡಿಸುತ್ತಿರುವಾಗ ಅದರ ಕಿವಿಯಲ್ಲಿ ‘ಕಾರಣ ತಿಳಿಸಿ’ ಎಂದಿದ್ದಳು ಅವಳು. ಕಣ್ಣಲ್ಲಿ ನೀರು ಬಂತು. ಗಾಳಿಗೆ ಎಂದು ಸಲಾವುದ್ದೀನ ಅಂದುಕೊಂಡಿರಬೇಕು, ಜೀಪಿನ ವೇಗ ಕಡಿಮೆ ಮಾಡಿದರು.

ಅಗಸಿಯ ಮುಂದೆ ಹಾದಿಯನ್ನು ನಿಜಕ್ಕೂ ಆಳವಾಗಿ ಅಗೆದಿದ್ದರು, ಮೇಲೆ ಒಂದು ಹಲಗೆ ಹಾಸಿದ್ದರು. ಹಾಲಿನ ಕ್ಯಾನು ಹೊತ್ತ ಹೆಂಗಸರು ದಿನವೂ ದಾಟುತ್ತಿದ್ದದ್ದು ಆ ಹಲಗೆಯನ್ನೇ. ಊರು ಖಾಲಿ. ಅಗಸಿ ಕೇಂದ್ರಕ್ಕೆ ಬೀಗ, ಬೀಗಕ್ಕೂ ಅರಿಶಿನ ಕುಂಕುಮ. ಸಾಬಮ್ಮನ ಹೊಲ ಊರಿನಾಚೆ. ಸಲಾವುದ್ದೀನರನ್ನು ನೋಡಿ ಗಂಡಸರೆಲ್ಲ ಬರ್ರಿ ಬರ್ರಿ ಎಂದು ಎದ್ದರು. ಸಾಬಮ್ಮ ಅವಳು ಅಂದುಕೊಂಡಷ್ಟು ಮುದುಕಿಯಲ್ಲ, ಬಹುಶಃ ಅವಳದೇ ವಯಸ್ಸು, ಹಸಿರು ಸೀರೆ, ಕೈತುಂಬ ಹೊಸ ಬಳೆ.

“ಇವ್ರು ನಮ್ಮ ಆಫೀಸಿನ ಮೇಡಂ” ಎಂದರು ಸಲಾವುದ್ದೀನ, ಅದಕ್ಕಿಂತ ಹೆಚ್ಚು ಹೇಳಲಿಲ್ಲ.

“ಕೂಡ್ರಿ ಮೇಡಮ್ಮಾರ, ಮದಲ ಉಣ್ರಿ” ಎಂದು ಸಾಬಮ್ಮ ಕಂಬಳಿ ಹಾಸಿದಳು. ಎಲೆಯ ಮೇಲೆ ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹೋಳಿಗೆ. ಲೋಟದಲ್ಲಿ ತಣ್ಣನೆಯ ಅಂಬಲಿ. ಮೈತ್ರೇಯಿ ಹೇಳಬೇಕೆಂದೇ ಬಂದಿದ್ದಳು. ಆ ದನಿ ನಂದೇ, ತಪ್ಪಾತು ಎಂದು ಎರಡು ಮಾತು. ಜೀಪಿನಲ್ಲಿ ಬರುವಾಗ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದಳು. ಆದರೆ ಇಲ್ಲಿ ಮಾತಾಡಲು ಬಾಯಿ ತೆರೆದರೆ ಬಾಯಿಗೆ ಊಟ ಬರುತ್ತಿತ್ತು. ಮನೆಯ ಮಾತಿನಲ್ಲಿ ಮಾತಾಡುವ ಅವಳಿಗೂ ಫೋನಿನ ಆ ಗಂಭೀರ ಹೆಂಗಸಿಗೂ ಸಂಬಂಧ ಇದೆಯೆಂದು ಸಾಬಮ್ಮನಿಗೆ ಹೊಳೆಯುವಂತಿರಲಿಲ್ಲ.

“ಕೇಂದ್ರ ಮುಚ್ಚೂದಿಲ್ಲಂತ ಸಾಹೇಬ್ರು ಹೇಳ್ಯಾರ” ಎಂದಷ್ಟೇ ಅಂದಳು.

ಸಾಬಮ್ಮ ಬಡಿಸುತ್ತಿದ್ದವಳು ಕೈ ನಿಲ್ಲಿಸಿದಳು. “ಮುಚ್ಚೋರಿದ್ರೇನ್ರಿ?” ಎಂದಳು. ಆಕೆಗೆ ಅದೇ ಗೊತ್ತಿರಲಿಲ್ಲ. ಮೈತ್ರೇಯಿ ರೊಟ್ಟಿಯನ್ನು ಎಲೆಗಿಟ್ಟಳು. ಸಾಬಮ್ಮ ಜೋಳದ ಕಡೆ ನೋಡಿದಳು. “ಅದಕ್ಕೇ ಆಕಿ ದಿನಾ ಫೋನ್ ಮಾಡ್ತಿದ್ಲು” ಎಂದಳು. “ಫೋನಿನ್ಯಾಗ ಒಬ್ಬಾಕಿ ಬಾಯಿ ಬರ್ತಾಳ್ರಿ. ಕಾರಣ ತಿಳಿಸಿ ಅಂತಾಳ. ನನ್ನ ಎದಿ ಡವಡವ ಅಂತದ. ಹೇಳ್ತೇನಿ, ಮರುದಿನ ಮತ್ತ ಅದೇ ಕೇಳ್ತಾಳ. ಇವತ್ತ ಮುಂಜಾನಿನೂ ಮಾಡಿದ್ಲು, ಹಬ್ಬದ ದಿನ.” ಬಳೆ ಸರಿಸಿಕೊಂಡು ಮೈತ್ರೇಯಿಯ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು. “ಆಕಿಗೂ ಯಾರರ ಬೈತಿರಬೇಕ್ರಿ. ಪಾಪ, ಆಕಿಗೆ ಒಂದ ಎಳ್ಳಮಾಸಿನೂ ಇಲ್ಲ.”

ಅಷ್ಟರಲ್ಲಿ ಕಂಬಳಿಯ ಮೇಲಿಟ್ಟಿದ್ದ ಮೈತ್ರೇಯಿಯ ಮೊಬೈಲು ಗುರುಗುಟ್ಟಿತು. ಪರೀಕ್ಷೆ. ಬೆಳಗ್ಗೆ ಕಾರಣ ಹೇಳದವರಿಗೆ ಮಧ್ಯಾಹ್ನ ಇನ್ನೊಮ್ಮೆ. ಈ ದಿನ ಅಷ್ಟೂ ಕೇಂದ್ರಗಳಲ್ಲಿ ಕಾರಣ ಹೇಳದೆ ಉಳಿದವಳು ಅವಳೊಬ್ಬಳೇ ಇರಬಹುದು. ಕತ್ತರಿಸಲು ಹೋದಳು, ಎಂಜಲು ಕೈ, ಎಡಗೈಯಲ್ಲಿ ಲೋಟ. ಬೆರಳು ಎಲ್ಲೋ ತಾಗಿ ಸ್ಪೀಕರು ಹತ್ತಿಕೊಂಡಿತು. ಬಯಲಿನ ನಡುವೆ, ಅಷ್ಟು ಜನರ ನಡುವೆ, ಅವಳದೇ ದನಿ ಗಟ್ಟಿಯಾಗಿ ಹೊರಬಂತು: ‘ನಮಸ್ಕಾರ. ನಿಮ್ಮ ಕೇಂದ್ರದ ಹಾಲು ಕಡಿಮೆಯಾಗಿದೆ. ದಯವಿಟ್ಟು ಕಾರಣ ತಿಳಿಸಿ.’

ಎಲ್ಲರೂ ಊಟ ನಿಲ್ಲಿಸಿದರು. ಸಾಬಮ್ಮ ಬೆಚ್ಚಿ ಮೊಬೈಲನ್ನು ನೋಡಿದಳು, ಆಮೇಲೆ ಮೈತ್ರೇಯಿಯ ಮುಖ ನೋಡಿದಳು. ಮೈತ್ರೇಯಿ ಕಾದಳು. ಈಗ ತಿಳಿಯುತ್ತದೆ, ತಿಳಿಯಲಿ.

“ಅಯ್ಯ ಶಿವನೇ, ನಿಮಗೂ ಮಾಡ್ತಾಳೇನ್ರಿ ಆಕಿ?”

ಪೀಂ ಎಂದಿತು. ಸಾಬಮ್ಮ ಮೈತ್ರೇಯಿಯ ಕಣ್ಣು ತುಂಬಿದ್ದು ನೋಡಿದಳು, ಅಂಜಿದ್ದಾಳೆ ಎಂದುಕೊಂಡಳು, ಸೆರಗಿಗೆ ಕೈ ಒರೆಸಿ ಮೊಬೈಲನ್ನು ಎತ್ತಿಕೊಂಡಳು. ಅದನ್ನು ಬಾಯಿಗೆ ಹತ್ತಿರ ಹಿಡಿದು, ಇಷ್ಟು ದಿನ ತನ್ನ ಸಲುವಾಗಿ ಹೇಳುವಾಗ ಇದ್ದ ಅಂಜಿಕೆ ಒಂದಿಷ್ಟೂ ಇಲ್ಲದೆ, ಹೇಳಿದಳು:

“ಬಾಯಾರ, ನಾ ಅತನೂರ ಸಾಬಮ್ಮ. ಈ ಮೇಡಮ್ಮಾರು ನಮ್ಮ ಹೊಲದಾಗ ಉಣ್ಣಾಕತ್ತಾರ್ರಿ. ಇವರಿಗೇನೂ ಅನಬ್ಯಾಡ್ರಿ. ನೀವೂ ಬರ್ರಿ, ಇನ್ನಾ ಭಾಳ ಊಟ ಉಳದದ.”